ಒಬಡೈಯನ ಎಕ್ಕ

“ನಮ್ಮೋನು ಇದನ್ನ ಮಾಡ್ಲಿಲ್ಲ ಅಂತ ಒಂದು ಮಾತು ಹೇಳ್ಬಿಡಿ ಸಾರ್, ಹೊರಟುಹೋಗ್ತೀನಿ,” ಎನ್ನುತ್ತಾ ಗ್ಲೆಂಡಾ ಥರ್ಟಲ್ ಟವೆಲು ಬಿಚ್ಚಿ, ಅಂಗೈಯಗಲದ ತಾಮ್ರದ ತಗಡೊಂದನ್ನು ಮೇಜಿನ ಮೇಲಿಟ್ಟಳು.

ಕತ್‌ಬರ್ಟ್ ಲಾರ್ಟರ್ ನಾರ್ವಿಚ್ ಲೈಬ್ರರಿಯ ಹಾಲಿನಲ್ಲಿ ಮರುದಿನದ ಪ್ರದರ್ಶನಕ್ಕೆ ತನ್ನ ಹಳೆಯ ಇಸ್ಪೀಟ್ ಎಲೆಗಳನ್ನು ಜೋಡಿಸುತ್ತಿದ್ದ. ತೆರಿಗೆ ಇಲಾಖೆಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತನಾದ ಆಸಾಮಿ. ಇಸ್ಪೀಟ್ ತೆರಿಗೆಯ ಚರಿತ್ರೆಯಲ್ಲಿ ಅವನಾಡಿದ್ದೇ ಕೊನೆಯ ಮಾತು. ಪಕ್ಕದಲ್ಲಿ ಚಹಾ ಹೀರುತ್ತಿದ್ದ ಡೆಸ್ಮಂಡ್ ಗೂಚ್ ಸಂಗ್ರಾಹಕರ ಸಂಘದ ಕಾರ್ಯದರ್ಶಿ, ಅವನ ಹಳೆಯ ಗೆಳೆಯ. ಡೆಸ್ಮಂಡನ ಬಾಯಿಗೆ ಬೀಗವಿಲ್ಲ.

ತಗಡು ಸಿಕ್ಕಿದ್ದು ಗ್ಲೆಂಡಾಳ ತಾಯಿಮನೆಯ ಒಲೆಗೂಡಿನ ಇಟ್ಟಿಗೆಗಳ ಹಿಂದೆ, ರಿಪೇರಿಗೆಂದು ಒಡೆದಾಗ. ಅದೇ ಮನೆಯಲ್ಲಿ ಇನ್ನೂರು ವರ್ಷದ ಹಿಂದೆ ಒಬಡೈಯ ಥರ್ಟಲ್ ಎಂಬಾತ ಲೋಟ, ಚಮಚಗಳ ಮೇಲೆ ಹೆಸರು ಕೆತ್ತಿ ಹೊಟ್ಟೆ ಹೊರೆಯುತ್ತಿದ್ದ. ಆಗ ಇಸ್ಪೀಟಿನ ಒಂದೊಂದು ಕಟ್ಟಿಗೂ ಎರಡೂವರೆ ಶಿಲಿಂಗ್ ತೆರಿಗೆ. ಯಾರೂ ತಪ್ಪಿಸಿಕೊಳ್ಳಬಾರದೆಂದು ಕಟ್ಟಿನಲ್ಲಿನ ಇಸ್ಪೀಟ್ ಎಕ್ಕದ ಎಲೆಯೊಂದನ್ನು ಮಾತ್ರ ಸರ್ಕಾರವೇ ಅಚ್ಚು ಹಾಕಿ, ತೆರಿಗೆ ಕಟ್ಟಿದವರಿಗೆ ಕೊಡುತ್ತಿತ್ತು. ಅದನ್ನು ನಕಲು ಮಾಡಿದವನಿಗೆ ನೇಣು. ಆ ಆರೋಪದ ಮೇಲೇ ಒಬಡೈಯನನ್ನು ನೇಣಿಗೆ ಹಾಕಿದರು.

“ಅಮ್ಮಂಗೆ ಎಂಬತ್ತೊಂಬತ್ತು. ಬುದ್ಧಿ ಬಂದಾಗಿಂದ, ಅವನು ಅನ್ಯಾಯವಾಗಿ ಸತ್ತ ಅಂತಾನೇ ಹೇಳ್ಕೊಂಡು ಬಂದಿದ್ದಾಳೆ. ಇದು ಸಿಕ್ಕ ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ,” ಎಂದಳು ಗ್ಲೆಂಡಾ.

ಕತ್‌ಬರ್ಟ್ ತಗಡನ್ನು ಹತ್ತಿರಕ್ಕೆ ಎಳೆದುಕೊಂಡ. ತಗಡಿಗೆ ಮಸಿ ಬಳಿದ, ಬಟ್ಟೆಯಿಂದ ಒರೆಸಿದ, ಒದ್ದೆ ಕಾಗದ ಹಾಸಿ ಚಹಾ ಚಮಚದ ಬೆನ್ನಿನಿಂದ ಸಾವಧಾನವಾಗಿ ಉಜ್ಜಿದ. ಕಾಗದ ಎತ್ತಿದರೆ ಕಿರೀಟ, ಬಕಲ್ ಇದ್ದ ಪಟ್ಟಿ, ಅದರ ನಡುವೆ ಕಪ್ಪಗೆ ಇಸ್ಪೀಟ್ ಎಕ್ಕ!

“ಇನ್ನೇನಮ್ಮ ಅನುಮಾನ? ನಿಮ್ಮ ಹಿರೀಕ ಶುದ್ಧ ಕಳ್ಳ,” ಎಂದ ಡೆಸ್ಮಂಡ್. ಗ್ಲೆಂಡಾ ಖಾಲಿ ಟವೆಲನ್ನು ಮಡಿಸತೊಡಗಿದಳು.

ಕತ್‌ಬರ್ಟ್ ಮಾತ್ರ ಭೂತಗನ್ನಡಿ ಹಿಡಿದು ಆ ಕಾಗದದ ಮೇಲೆ ಹಾಗೇ ಬಗ್ಗಿದ್ದ. ಕಿರೀಟದ ಕೆಳಗೆ ಕೂದಲೆಳೆಯಷ್ಟು ಸಣ್ಣ ಓರೆ ಗೆರೆಯೊಂದಿತ್ತು. ಎದ್ದು ಹೋಗಿ ಮೊದಲನೇ ಮೇಜಿನ ಗಾಜಿನ ಪೆಟ್ಟಿಗೆಯಿಂದ ತನ್ನ ಎಕ್ಕವನ್ನು ತಂದ. ಅದು ಬರೀ ಎಕ್ಕವಲ್ಲ, ಅವನ ಜೀವ. ಇಷ್ಟು ಸ್ವಚ್ಛವಾಗಿ ಮೂಡಿದ ಸರ್ಕಾರಿ ಎಕ್ಕ ಇಂಗ್ಲೆಂಡಿನಲ್ಲೇ ಇನ್ನೊಂದಿಲ್ಲವೆಂದು ನಲವತ್ತು ವರ್ಷದಿಂದ ಮೆರೆದಿದ್ದ. ಅದರಲ್ಲೂ ಕಿರೀಟದ ಕೆಳಗೆ ಅಂಥದೇ ಗೆರೆ. ನಕಲಿಗಳನ್ನು ಹಿಡಿಯಲೆಂದು ಸರ್ಕಾರ ಹಾಕಿದ ಗುಟ್ಟಿನ ಗುರುತು ಅದು ಎಂದು ಸಂಘದ ಪತ್ರಿಕೆಯಲ್ಲಿ ನಾಲ್ಕು ಪುಟ ಬರೆದು, ಎಲ್ಲರನ್ನೂ ಒಪ್ಪಿಸಿದ್ದ ಮಹಾನುಭಾವ ಇವನೇ.

ಎರಡನ್ನೂ ಪಕ್ಕಪಕ್ಕ ಇಟ್ಟ. ಅದೇ ಓರೆ, ಅದೇ ಉದ್ದ; ಅವನ ಎಕ್ಕ ಅಚ್ಚಾದದ್ದು ಇದೇ ತಗಡಿನಿಂದ. ಗುಟ್ಟೂ ಅಲ್ಲ, ಗುರುತೂ ಅಲ್ಲ. ಒಬಡೈಯನ ಉಳಿ ಒಮ್ಮೆ ಜಾರಿತ್ತು, ಅಷ್ಟೇ.

ಡೆಸ್ಮಂಡನಿಗೂ ಅರ್ಥವಾಯಿತು. ದನಿ ತಗ್ಗಿಸಿ, “ಕತ್‌ಬರ್ಟ್, ಆ ಕಾಗದ ಇಲ್ಲಿ ಕೊಡು, ಹರಿದು ಹಾಕ್ತೀನಿ. ತಗಡು ಸುತ್ತಿ ಕಳಿಸು. ನಾಳೆ ಊರಿಗೆ ಊರೇ ಬರತ್ತೆ, ಇದ್ದ ಮರ್ಯಾದೆ ಹರಾಜು ಹಾಕ್ಕೋಬೇಡ,” ಎಂದ. ಗ್ಲೆಂಡಾ ಅದನ್ನು ಕೇಳಿಸಿಕೊಂಡಳು.

ಕತ್‌ಬರ್ಟನ ಮುಖ ಕೆಂಪಾಯಿತು. ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟ. ಆಮೇಲೆ ಅದೆಲ್ಲಿಂದ ಬಂತೋ ನಗು, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕ.

“ಅಯ್ಯೋ ಖದೀಮ! ಮೂವತ್ತೈದು ವರ್ಷದ ನೌಕರೀಲಿ ಒಬ್ಬನೂ ನನ್ನ ಕಣ್ಣಿಗೆ ಮಣ್ಣೆರಚಿರಲಿಲ್ಲ. ಸತ್ತು ಇನ್ನೂರು ವರ್ಷ ಆದ್ಮೇಲೆ ಎರಚ್ಬಿಟ್ಟನಲ್ಲೋ ಡೆಸ್ಮಂಡ್! ಎಂಥಾ ಕೈ ಮಾರಾಯ ಇದು! ಸರ್ಕಾರದ ತಗಡು ಸಾವಿರ ಸಾವಿರ ಅಚ್ಚು ಹಾಕಿ ಸವೆದುಹೋಗ್ತಿತ್ತು, ಅದಕ್ಕೇ ಅವರ ಎಕ್ಕ ಮಸುಕು. ಇವನದು ಸ್ವಚ್ಛ, ಅದಕ್ಕೇ ನಾನು ಇದನ್ನೇ ಅಸಲಿ ಅಂದ್ಕೊಂಡೆ! ಸಿಕ್ಕಿಬಿದ್ರೆ ಕತ್ತು ಹೋಗತ್ತೆ ಅಂತ ಗೊತ್ತಿದ್ದೂ ಕೂತು ಕೆತ್ತಿದಾನೆ. ಅಷ್ಟೂ ಕೆಲಸದಲ್ಲಿ ಕೈ ನಡುಗಿದ್ದು ಒಂದೇ ಸಲ. ಒಂದೇ ಒಂದು ಸಲ!”

“ಹಾಗಾದ್ರೆ ಮಾಡಿದ್ದು ಅವನೇ,” ಎಂದಳು ಗ್ಲೆಂಡಾ ಸಣ್ಣ ದನಿಯಲ್ಲಿ.

“ಅವನೇ ಕಣಮ್ಮ. ಸುಳ್ಳು ಹೇಳಿ ಕಳಿಸ್ಲಾರೆ. ಒಂದು ಎಲೆಗೋಸ್ಕರ ಒಂದು ಜೀವ ತೆಗೆದದ್ದು ಅನ್ಯಾಯಾನೇ, ಆ ಮಾತಲ್ಲಿ ನಿಮ್ಮಮ್ಮ ತಪ್ಪಿಲ್ಲ. ಆದ್ರೆ ಈ ಕೆಲಸ ಅವನದು. ಅದನ್ನ ಸರ್ಕಾರದ ಹೆಸರಿಗೆ ಬರೆದು ಕೂತಿದ್ದೋನು ನಾನು.”

ಗಾಜಿನ ಪೆಟ್ಟಿಗೆಯ ಚೀಟಿಯಲ್ಲಿ ‘ಸರ್ಕಾರಿ ಅಚ್ಚು, ಲಂಡನ್’ ಎಂದಿತ್ತು. ಕತ್‌ಬರ್ಟ್ ಅದನ್ನು ಕಿತ್ತ. ಹೊಸ ಚೀಟಿಯನ್ನೂ ತನ್ನ ಪೆನ್ನನ್ನೂ ಗ್ಲೆಂಡಾಳ ಮುಂದಿಟ್ಟು, “ಅವನ ಪೂರ್ತಿ ಹೆಸರು ನೀವೇ ಬರೀರಿ,” ಎಂದ. ಡೆಸ್ಮಂಡ್ ಚಹಾ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದ.

ಥರ್ಟಲ್ ಮನೆತನದಲ್ಲಿ ಒಬಡೈಯನ ನಂತರ ಯಾವ ಮಗುವಿಗೂ ಆ ಹೆಸರಿಟ್ಟಿರಲಿಲ್ಲ. ನೇಣಾದವನಿಗೆ ಗೋರಿಕಲ್ಲೂ ಇರಲಿಲ್ಲ. ಗ್ಲೆಂಡಾ ಒಂದೊಂದೇ ಅಕ್ಷರ ದುಂಡಗೆ ಬರೆದಳು. ಬರೆದು, ಅದನ್ನೇ ನೋಡುತ್ತಾ ಕೇಳಿದಳು:

“ಅಮ್ಮಂಗೆ ಏನಂತ ಹೇಳ್ಲಿ ಸಾರ್?”

“ನಾಳೆ ಹತ್ತಕ್ಕೆ ಬಾಗಿಲು ತೆಗೀತೀವಿ. ಕರ್ಕೊಂಡು ಬನ್ನಿ,” ಎಂದ ಕತ್‌ಬರ್ಟ್. “ಕನ್ನಡಕ ಮರೀದೆ ತರಕ್ಕೆ ಹೇಳಿ. ಗೆರೆಗಳು ತುಂಬಾ ನಾಜೂಕು.”