ಒಂಬತ್ತು ಗಂಟೆಯ ತನಕ

“ಲೇಯಮ್ಮಾ... ಏಳೇ ಬಂಗಾರೂ!” ಮುನಿಶಾಮಮ್ಮ ಬಾಗಿ ಇನ್‌ಕ್ಯುಬೇಟರಿನ ಗಾಜನ್ನು ಬೆರಳ ಗೆಣ್ಣಿನಿಂದ ಟಕಟಕ ಬಡಿದರು. ಒಳಗೆ ಅಂಗೈಯಗಲದ ಮೊಮ್ಮಗಳು ಬೆಚ್ಚಿ, ಎರಡೂ ಕೈ ಅಗಲಿಸಿ, ಮುಖ ಕಿವುಚಿದಳು. “ನೋಡ್ದಾ, ಎದ್ದಳು! ಉಸಿರಾಡ್ತಾವಳೆ,” ಎಂದು ಅಜ್ಜಿ ಗೆದ್ದವರಂತೆ ನಕ್ಕರು.

ನರ್ಸ್ ಸಾಬ್ರೀನ್ ಕೈಯಲ್ಲಿದ್ದ ಹಾಲಿನ ಸಿರಿಂಜನ್ನು ಟ್ರೇಯಲ್ಲಿಟ್ಟು ಓಡಿಬಂದಳು. ಬೆಳಗಿನಿಂದ ಇದು ಆರನೆಯ ಸಲ. ಏಳು ತಿಂಗಳಿಗೇ ಹುಟ್ಟಿದ ಮಗು ಸಾವಿರದ ಮುನ್ನೂರ ನಲವತ್ತು ಗ್ರಾಮಿಗೆ ಬಂದು, ನಾಲ್ಕು ದಿನದಿಂದ ಅಲ್ಲೇ ನಿಂತುಬಿಟ್ಟಿತ್ತು. ಚಿಂತಾಮಣಿಯ ಈ ಪುಟ್ಟ ನರ್ಸಿಂಗ್ ಹೋಮಿನಲ್ಲಿ ಇನ್ನೇನೂ ಮಾಡಲಾಗದು, ಬೆಂಗಳೂರಿಗೆ ಕಳಿಸೋಣ ಎಂದಿದ್ದರು ಡಾಕ್ಟರ್ ಅಂಬರೀಶ್. ಬುಧವಾರದ ತನಕ ಕಾಯಿರಿ ಸಾರ್ ಎಂದು ಬೇಡಿಕೊಂಡವಳು ಸಾಬ್ರೀನಳೇ. ಮೈ ಒರೆಸುವುದು, ಬಟ್ಟೆ ಬದಲಿಸುವುದು, ನಳಿಕೆಯಲ್ಲಿ ಹಾಲು ಬಿಡುವುದು, ಎಲ್ಲವನ್ನೂ ಮೂರು ಗಂಟೆಗೊಮ್ಮೆ ಒಟ್ಟಿಗೇ ಮುಗಿಸಿ, ನಡುವೆ ಯಾರೂ ಮುಟ್ಟದೆ ಮಲಗಲು ಬಿಡಬೇಕೆಂಬುದು ಅವಳ ಉಪಾಯ. ಬೆಚ್ಚಿಬಿದ್ದಾಗಲೆಲ್ಲ ಮಗು ಕುಡಿದ ಹಾಲನ್ನು ಸುಮ್ಮನೆ ಖರ್ಚು ಮಾಡಿಕೊಳ್ಳುತ್ತದೆ. ಆದರೆ ಅಜ್ಜಿಯ ಬೆರಳಿಗೆ ಇದನ್ನು ತಿಳಿಸುವುದು ಹೇಗೆ?

“ಅಜ್ಜೀ, ಮಲಗಿದ್ರೇನೇ ಮಗು ಬೆಳೆಯೋದು. ಬೆಳೆಸೋ ಹಾರ್ಮೋನು ನಿದ್ದೇಲೇ ಬರುತ್ತೆ.”

“ಅದ್ಯಾವ ಮೋನೋ ನಂಗೊತ್ತಿಲ್ಲ ಕಣಮ್ಮ. ಹಿಂಗೆ ಅಲುಗಾಡದೆ ಬಿದ್ದಿದ್ರೆ ನನ್ನ ಎದೆ ನಿಂತೋಗ್ತದೆ. ನೀನಿನ್ನೂ ಹೆತ್ತಿಲ್ಲ, ನಿಂಗೇನು ಗೊತ್ತು?”

ಸಾಬ್ರೀನಳಿಗೆ ಮಾತು ನಾಟಿತು. ಅವಳು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಹುಸೇನ್ ಸಾಬರ ಮಗಳು. ತಟ್ಟನೆ ಕೇಳಿದಳು: “ಕೆಂಚಾರ್ಲಹಳ್ಳೀಲಿ ನೀವು ರೇಷ್ಮೆ ಹುಳ ಸಾಕ್ತೀರಲ್ವಾ? ಹುಳ ನಿದ್ದೆಗೆ ಕೂತಾಗ ತಟ್ಟಿ ಎಬ್ಬಿಸಿ ಸೊಪ್ಪು ಹಾಕ್ತೀರಾ?”

ಮುನಿಶಾಮಮ್ಮ ಕೇಳಬಾರದ್ದನ್ನು ಕೇಳಿದವರಂತೆ ಕೆನ್ನೆ ಬಡಿದುಕೊಂಡರು. “ಅಯ್ಯಯ್ಯೋ, ಯಾರಾನ ಹಾಕ್ತಾರೇನೇ! ಆವಾಗ ತಲೆ ಎತ್ಕೊಂಡು ಕಲ್ಲಿನಂಗೆ ಕೂತಿರ್ತವೆ. ತಟ್ಟೆ ಅಲುಗಿಸಂಗಿಲ್ಲ, ಘಾಟು ವಾಸನೆ ಸುಳಿಯಂಗಿಲ್ಲ, ಹೊಸಬರು ಒಳಕ್ಕೆ ಬರಂಗಿಲ್ಲ. ಎದ್ದ ಮೇಲೆ ನೋಡ್ಬೇಕು, ಒಂದೇ ಸಮ ಬೆಳೀತವೆ...” ಮಾತು ಅಲ್ಲಿಗೇ ನಿಂತಿತು. ಅವರು ಮೊಮ್ಮಗಳನ್ನು ನೋಡಿದರು, ತಮ್ಮ ಬೆರಳನ್ನು ನೋಡಿದರು. ಮೆಲ್ಲಗೆ ಆ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು. “ಇದನ್ನ ಮೊದ್ಲೇ ಹೇಳ್ಬಾರ್ದೇನೇ?”

ಮುಂದಿನ ಎರಡು ದಿನ ಆ ಕೋಣೆ ಅಪ್ಪಟ ಹುಳುಮನೆಯಾಯಿತು. ಅಜ್ಜಿಯ ಸ್ಟೂಲು ಬಾಗಿಲಿಗೆ ಬಂತು. ಘಮ್ಮೆನ್ನುವ ಎಣ್ಣೆ ಹಚ್ಚಿಕೊಂಡು ಬಂದ ಅಳಿಯ ಕೆಂಪರಾಜು ಹಾಗೇ ತಿರುಗಿ ತಲೆ ತೊಳೆಯಲು ಹೋದ. ಅವನ ಹೊಸ ಮೊಬೈಲು ಒಂದೇ ಒಂದು ಸಲ ಹಾಡಿದ್ದಕ್ಕೆ ಅಜ್ಜಿಯ ಎಲೆಯಡಿಕೆ ಚೀಲ ಸೇರಿತು. ನೆಲ ಒರೆಸುವವಳ ಬಕೆಟ್ಟಿನ ತಳಕ್ಕೆ ಹಳೆಯ ಸೀರೆಯ ಚೂರು ಕಟ್ಟಲಾಯಿತು. ದೊಡ್ಡ ಮುಳ್ಳು ಹನ್ನೆರಡಕ್ಕೆ, ಚಿಕ್ಕ ಮುಳ್ಳು ಹೇಳಿದ ಅಂಕಿಗೆ ಬರುವ ತನಕ ಒಳಗೆ ನೊಣಕ್ಕೂ ಪ್ರವೇಶವಿರಲಿಲ್ಲ.

ಬುಧವಾರ ಬೆಳಿಗ್ಗೆ ತಡೆಯಲಾಗದೆ ಹೋದದ್ದು ಸಾಬ್ರೀನಳಿಗೇ. ಎರಡು ದಿನದ ಬಳಿಕ ತೂಕ ನೋಡುವುದು ಒಂಬತ್ತಕ್ಕೆ; ಆಗಿನ್ನೂ ಎಂಟೂ ನಲವತ್ತು. ಹೊರಗೆ ಆಂಬುಲೆನ್ಸ್ ಬಂದು ನಿಂತಿತ್ತು, ಡಾಕ್ಟರೂ ಬಂದಾಗಿತ್ತು. ಈಗಲೇ ತೂಗಿಬಿಟ್ಟರೆ ಜೀವಕ್ಕೆ ನೆಮ್ಮದಿ ಎಂದು ಕೈ ತೊಳೆದು ಬಂದರೆ, ಬಾಗಿಲಿಗೆ ಅಡ್ಡಲಾಗಿ ಅಜ್ಜಿಯ ಕಾಲು.

“ಎಲ್ಲಿಗೆ?”

“ಒಂದೇ ನಿಮಿಷ ಅಜ್ಜೀ, ತೂಕ...”

“ದೊಡ್ಡ ಮುಳ್ಳು ಇನ್ನೂ ಎಂಟರ ಮೇಲೈತೆ. ನೀನೇ ಅಲ್ಲೇನೇ ಹೇಳ್ಕೊಟ್ಟಿದ್ದು?”

ಡಾಕ್ಟರ್ ಅಂಬರೀಶ್ ಗಂಟಲು ಸರಿಮಾಡಿಕೊಂಡರು. “ಅಮ್ಮಾ, ನಾನು ಡಾಕ್ಟ್ರು.”

“ನಾನೇನು ಕಾಂಪೌಂಡ್ರು ಅಂದ್ನೇನಪ್ಪ? ಕೂತ್ಕ. ಆ ಸೆಂಟಿನ ಕೈನೂ ತೊಳ್ಕ.”

ಡಾಕ್ಟರು ಕೈ ತೊಳೆದು ಬಂದರು. ತಡವಾಗಿ ಬಂದ ಶಾಲೆಯ ಮಕ್ಕಳಂತೆ ಇಬ್ಬರೂ ಬೆಂಚಿನ ಮೇಲೆ ಕೂತರು. ಸಾಬ್ರೀನ್ ಗಳಿಗೆಗೊಮ್ಮೆ ಗಡಿಯಾರ ನೋಡಿದಳು, ಬಾಗಿಲು ನೋಡಿದಳು. ಎದ್ದು ಹೋಗಿ ಒಂದು ಸಲ, ಒಂದೇ ಸಲ ಗಾಜು ತಟ್ಟಿ ನೋಡಿಬಿಡಲೇ ಎನ್ನಿಸಿದಾಗ ಅವಳಿಗೇ ನಗು ಬಂತು. ಪುಸ್ತಕದಲ್ಲಿ ಓದಿದ್ದು ನಿದ್ದೆಯ ವಿಷಯ. ಕಾಯುವವರ ವಿಷಯವನ್ನು ಯಾರೂ ಬರೆದಿರಲಿಲ್ಲ.

ಒಂಬತ್ತಕ್ಕೆ ಸರಿಯಾಗಿ ಅಜ್ಜಿ ಕಾಲು ಮಡಚಿಕೊಂಡರು.

ತೂಕದ ಯಂತ್ರದ ಕೆಂಪು ಅಂಕಿಗಳು ತುಸು ಹೊಯ್ದಾಡಿ ನಿಂತವು: ಸಾವಿರದ ಮುನ್ನೂರ ಎಪ್ಪತ್ತೈದು. ಡಾಕ್ಟರು ಇನ್ನೊಮ್ಮೆ ತೂಗಿಸಿದರು. ಅದೇ. ಅವರು ಆಂಬುಲೆನ್ಸನ್ನು ವಾಪಸು ಕಳಿಸಲು ಹೊರಗೆ ನಡೆದರು.

“ಎಷ್ಟು ಏರೈತೆ?” ಅಜ್ಜಿ ಪಿಸುಗುಟ್ಟಿದರು.

“ಮೂವತ್ತೈದು ಗ್ರಾಂ.”

“ಹಂಗಂದ್ರೆ?”

ಸಾಬ್ರೀನ್ ಮನಸ್ಸಿನಲ್ಲೇ ಭಾಗಿಸಿದಳು. “ಒಂದಿಪ್ಪತ್ತು ರೇಷ್ಮೆಗೂಡಿನಷ್ಟು, ಅಜ್ಜೀ.”

ಮುನಿಶಾಮಮ್ಮ ಎರಡೂ ಅಂಗೈ ಜೋಡಿಸಿ ಬೊಗಸೆ ಮಾಡಿದರು. ಬರಿಗೈಯನ್ನೇ ಒಮ್ಮೆ ಮೇಲೆ ಕೆಳಗೆ ತೂಗಿ ನೋಡಿದರು. ಆಮೇಲೆ, ಏನೋ ಚೆಲ್ಲಿಹೋದೀತೆಂಬಂತೆ ಆ ಬೊಗಸೆಯನ್ನು ಹಾಗೇ ಹಿಡಿದುಕೊಂಡು, ವಾರ್ಡಿನಲ್ಲಿದ್ದ ಬಾಣಂತಿ ಮಗಳಿಗೆ ತೋರಿಸಲು ನಡೆದರು.