ಮೂರು ಸಲ ತಟ್ಟಿದ್ದು

ಗಾಡಿಕುದುರೆ ಮೂರನೇ ಸಲವೂ ಅವಳ ತೊಡೆಯ ಮೇಲಿಂದ ಕಾಲನ್ನು ಹಿಂದಕ್ಕೆಳೆದುಕೊಂಡಿತು. ಅಪ್ಪ ತೀರಿಕೊಂಡ ಮೇಲೆ ಅವಳು ಲಾಳ ಕಟ್ಟಲು ಕೂತದ್ದು ಇದೇ ಮೊದಲು. ಇದು ಕೈತಪ್ಪಿದರೆ ಅಪ್ಪನ ಕುಲುಮೆಗೆ ಇನ್ನು ಯಾರೂ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಹೆದರ್ಕೊಂಡಿದೆ ಕಣವ್ವಾ, ಬಿಡು. ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ನಾನು ಮನೇಲಿರ್ತಿದ್ದೆ," ಎನ್ನುತ್ತ ಗಾಡಿಯವನು ಹಗ್ಗ ಬಿಚ್ಚತೊಡಗಿದ.

ಅಪ್ಪನಿಗೆ ಕುದುರೆಗಳ ಹಿಂಜರಿಕೆಯೆಲ್ಲ ಒಂದೇ ಆಗಿರಲಿಲ್ಲ. "ಬೆಚ್ಚಿದ್ರೆ ಮೈ ನಡುಗುತ್ತೆ ಮಗಳೇ. ಅಳುಕಿದ್ರೆ ಕಿವಿ ಹಿಂದಕ್ಕೆ ಹೋಗುತ್ತೆ. ಹಿಂದೇಟು ಹಾಕಿದ್ರೆ ಭಾರಾನೆಲ್ಲ ನಿನ್ನ ಮೇಲೇ ಬಿಡುತ್ತೆ. ಇದ್ಯಾವ್ದೂ ಇಲ್ದೆ ಕಾಲೆಳ್ಕೊಂಡ್ರೆ ಬರೀ ಸಂಕೋಚ ಅಷ್ಟೆ. ಮೊದ್ಲು ಮಾತಾಡಿಸ್ಬೇಕು," ಎನ್ನುತ್ತಿದ್ದ.

ಕುದುರೆಯ ಕಿವಿ ನೆಟ್ಟಗಿತ್ತು, ಮೈಯೂ ನಡುಗುತ್ತಿರಲಿಲ್ಲ, ಭಾರವನ್ನೂ ಅವಳ ಮೇಲೆ ಬಿಟ್ಟಿರಲಿಲ್ಲ. "ಒಂದ್ನಿಮಿಷ ತಡಿ ಮಾವ," ಎಂದಳು. ಕಾಲು ಹಿಡಿಯುವ ಮುಂಚೆ ಅಪ್ಪ ಸುತ್ತಿಗೆಯ ಹಿಡಿಯಿಂದ ಗೊರಸಿಗೆ ಮೂರು ಸಲ ಮೆಲ್ಲಗೆ ತಟ್ಟುತ್ತಿದ್ದ. ಗಾಬರಿಯಲ್ಲಿ ಅದನ್ನೇ ಮರೆತಿದ್ದಳು. ಈಗ ತಟ್ಟಿದಳು. ಕುದುರೆ ತಾನಾಗಿಯೇ ಕಾಲೆತ್ತಿ ಅವಳ ತೊಡೆಯ ಮೇಲಿಟ್ಟಿತು. ಆಮೇಲೆ ಕತ್ತು ತಿರುಗಿಸಿ, ಅಪ್ಪ ಹೊರಬರುತ್ತಿದ್ದ ಬಾಗಿಲ ಕಡೆ ನೋಡಿತು. ಅವಳೂ ನೋಡಿದಳು.