ಯೋಬಪ್ಪ ಕೊಡದ ಮಾತು

"ಇನ್ನ ಮುಂದ ಶರಾಯಿ ಮುಟ್ಟಂಗಿಲ್ಲ ಅಂತ ದೇವರ ಮುಂದ ಮಾತು ಕೊಡು, ಯೋಬಪ್ಪ," ಎಂದರು ಪಾದ್ರಿಗಳು.

ಮೇಜಿನ ಮೇಲೆ ಪ್ರಭುವಿನ ಭೋಜನದ ರೊಟ್ಟಿ, ದ್ರಾಕ್ಷಾರಸ ಸಿದ್ಧವಾಗಿದ್ದವು. ಶಹಾಬಾದಿನ ಆ ಪುಟ್ಟ ಸಭೆಯ ಕಣ್ಣೆಲ್ಲ ಯೋಬಪ್ಪನ ಮೇಲೆ. ದೂರು ಕೊಟ್ಟವರು ಹೊರಗಿನವರಲ್ಲ. ಹೆಂಗಸರ ಸಾಲಿನಲ್ಲಿ ಸೆರಗು ಬಿಗಿಹಿಡಿದು ಕುಳಿತಿದ್ದ ಅವನ ಹೆಂಡತಿ ದೀನಮ್ಮ.

"ಕುಡಿಯಂಗಿಲ್ಲ ಅಂತ ಮಾತು ಕೊಡ್ತೀನ್ರಿ," ಎಂದ ಯೋಬಪ್ಪ. "ಮುಟ್ಟಂಗಿಲ್ಲ ಅಂತ ಕೊಡಾಕ ಆಗಂಗಿಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ಪಾದ್ರಿಗಳು ನಗಲಿಲ್ಲ. ಸಭೆಯ ಕಟ್ಟಳೆ ನೆನಪಿಸಿದರು: ಕುಡಿತ ಬಿಡದವನಿಗೆ ಭೋಜನವಿಲ್ಲ, ಕುಡಿದು ಸತ್ತವನಿಗೆ ಸಭೆಯ ಸ್ಮಶಾನದಲ್ಲಿ ಮಣ್ಣೂ ಇಲ್ಲ. "ಮಗನ ಬಾಜೂಕ ಮಲಗೂದು ಬ್ಯಾಡೇನು ನಿನಗ?"

ಯೋಬಪ್ಪನ ಮುಖ ಬಿಳಿಚಿಕೊಂಡಿತು. ಆದರೂ ಮಾತು ಕೊಡಲಿಲ್ಲ. ತಲೆ ತಗ್ಗಿಸಿ ಹೊರಗೆ ನಡೆದುಬಿಟ್ಟ.

ದೀನಮ್ಮ ತನ್ನ ಪಾಲಿನ ರೊಟ್ಟಿ ತೆಗೆದುಕೊಂಡಳು. 

ಪ್ರಾಯದಲ್ಲಿ ಯೋಬಪ್ಪ ಕುಡಿಯುತ್ತಿದ್ದದ್ದು ನಿಜ. ಮಗ ಎಲೀಷನಿಗೆ ತಿಳುವಳಿಕೆ ಬಂದ ಮೇಲೆ ಬಿಟ್ಟಿದ್ದ. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಆ ಒಬ್ಬನೇ ಮಗ ಕಲ್ಲುಗಣಿಯಲ್ಲಿ ಸತ್ತ. ಮದ್ದು ಸಿಡಿಸುವ ಜಹಾಂಗೀರ ಕುಡಿದ ಅಮಲಿನಲ್ಲಿ ಸೀಟಿ ಊದದೆ ಬತ್ತಿಗೆ ಕಡ್ಡಿ ಗೀರಿದ್ದ. ಹಾಗೆಂದು ಗಣಿಯವರೆದುರು ತಾನೇ ಒಪ್ಪಿಕೊಂಡ. ಅವನ ಬೆನ್ನೂ ಮುರಿದಿತ್ತು. ತಾಯಿ ಬಿಬಿಜಾನ್ ಅವನನ್ನು ಚಿತ್ತಾಪುರದ ತವರಿಗೆ ಹೊತ್ತೊಯ್ದಳು. "ದೇವರು ಕುರುಡ ಅಲ್ಲ," ಎಂದಿದ್ದಳು ದೀನಮ್ಮ. ಅದು ಪ್ರಾರ್ಥನೆ ಮಾಡುವ ದನಿಯಾಗಿರಲಿಲ್ಲ.

ಅಂದಿನಿಂದ ಶರಾಯಿಯ ವಾಸನೆ ಅವಳಿಗೆ ಮಗನ ಹೆಣದ ವಾಸನೆ. ಕರ್ತನ ಪ್ರಾರ್ಥನೆ ಹೇಳುವಾಗ, ತಪ್ಪು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಎನ್ನುವ ಕಡೆ ಅವಳ ತುಟಿ ಬಿಗಿದುಕೊಳ್ಳುತ್ತಿತ್ತು. ಮೊದಲು ಯೋಬಪ್ಪನೂ ಅಲ್ಲೇ ನಿಲ್ಲುತ್ತಿದ್ದ. ಈ ಬೇಸಿಗೆಯಿಂದ ಅವನು ಆ ಮಾತು ದಾಟಿ ಹೋಗಿ, ನಮ್ಮನ್ನು ಕ್ಷಮಿಸು ಎನ್ನುವಲ್ಲಿ ನಿಲ್ಲತೊಡಗಿದ. ಅದೇ ಬೇಸಿಗೆಯಿಂದ ಸಂಜೆ ಮನೆಗೆ ಬರುವಾಗ ಶರಾಯಿಯ ಘಾಟು. ಕುಡುಕನಿಗೆ ಆ ಮಾತೇ ಚುಚ್ಚುವುದು ಎಂದುಕೊಂಡಳು ದೀನಮ್ಮ.

ಕಾಲು ತಡವರಿಸುತ್ತಿರಲಿಲ್ಲ, ನಾಲಿಗೆ ತೊದಲುತ್ತಿರಲಿಲ್ಲ. ಹಳೇ ಕುಡುಕ, ಹದ ಬಲ್ಲವನು. ತೊಳೆದಷ್ಟೂ ಕೈಯಿಂದಲೇ ವಾಸನೆ ಬರುತ್ತಿತ್ತು. ಮನೆಯ ಹಳೇ ಧೋತರಗಳು ಒಂದೊಂದಾಗಿ ಮಾಯವಾದವು. ಅವನ್ನೂ ಶರಾಯಿಗೇ ಹಾಕಿದ ಎಂದು ತೀರ್ಮಾನಿಸಿದಳು.

ಆ ಭಾನುವಾರ ಆರಾಧನೆ ಮುಗಿಯುವವರೆಗೆ ಅವನು ಹೊರಗೆ ಅಂಗಳದಲ್ಲೇ ಕುಳಿತಿದ್ದ; ಎದ್ದು ಹೊರಟದ್ದೇ ದೀನಮ್ಮ ಹಿಂಬಾಲಿಸಿದಳು. ಯೋಬಪ್ಪ ನೇರ ಶರಾಯಿ ಮಾರುವ ಕಲಾಲನ ಅಂಗಡಿಗೆ ಹೋದ. ಶೀಸೆಯೊಂದನ್ನು ಹೆಗಲವಸ್ತ್ರದಲ್ಲಿ ಮುಚ್ಚಿಕೊಂಡು ಬಂದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ಗಾದೆ. ಗಾದೆ ಕಟ್ಟಿದವರ ಮನೆಯಲ್ಲಿ ಕುಡುಕ ಇರಲಿಲ್ಲವೆಂದು ಕಾಣುತ್ತದೆ. ರೈಲು ಗೇಟು ದಾಟಿ ಅವನು ಒಂದು ಗುಡಿಸಲು ಹೊಕ್ಕ. ದೀನಮ್ಮ ಹಿಂದೆಯೇ ಬಾಗಿಲು ತಳ್ಳಿದಳು.

ಒಳಗೆ ಒಬ್ಬ ಮನುಷ್ಯ ಬೋರಲು ಬಿದ್ದುಕೊಂಡಿದ್ದ. ಸೊಂಟದಿಂದ ಕೆಳಗೆ ಮೈ ಒಣಗಿ ಕಡ್ಡಿಯಾಗಿತ್ತು. ಅಡಿಯಲ್ಲಿ ಅವಳ ಮನೆಯ ಧೋತರ. ಯೋಬಪ್ಪ ಅಂಗೈಗೆ ಶರಾಯಿ ಸುರಿದುಕೊಂಡು ಅವನ ಬೆನ್ನಿಗೆ ತಿಕ್ಕುತ್ತಿದ್ದ. ಹಾಸಿಗೆ ಹಿಡಿದವರಿಗೆ ಹುಣ್ಣಾಗದಿರಲೆಂದು ಮಾಡುವ ಉಪಚಾರ ಅದು. ದೀನಮ್ಮ ತನ್ನ ಅತ್ತೆಗೆ ತಾನೇ ವರ್ಷಗಟ್ಟಲೆ ಹಾಗೆ ತಿಕ್ಕಿದ್ದಳು. ಆದರೂ ಗಂಡನ ಕೈಯ ವಾಸನೆ ಯಾತರದೆಂದು ಅವಳಿಗೆ ಹೊಳೆದಿರಲಿಲ್ಲ.

ಮಲಗಿದ್ದವನು ಮುಖ ಹೊರಳಿಸಿದ. ಜಹಾಂಗೀರ. ಈ ಬೇಸಿಗೆಯಲ್ಲಿ ಅವನನ್ನು ಚಿತ್ತಾಪುರದಿಂದ ಮರಳಿ ಕರೆತಂದಿದ್ದ ಬಿಬಿಜಾನ್ ಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು.

"ನನಗ್ಯಾಕ ಹೇಳಲಿಲ್ಲ?" ದೀನಮ್ಮನ ದನಿ ಅವಳಿಗೇ ಕೇಳಿಸಲಿಲ್ಲ.

"ಹೇಳಿದ್ರ ನಿನಗ ತಡಕೊಳ್ಳಾಕ ಆಗ್ತಿರಲಿಲ್ಲ," ಎಂದ ಯೋಬಪ್ಪ.

ಹೌದು, ಆಗುತ್ತಿರಲಿಲ್ಲ. ಈಗಲೂ ಆಗುತ್ತಿಲ್ಲ. ಆ ಶೀಸೆ ಎತ್ತಿ ಜಹಾಂಗೀರನ ತಲೆಯ ಮೇಲೆಯೇ ಒಡೆಯಬೇಕೆನಿಸಿತು. ಆದರೆ ಈ ಬೆನ್ನಿಗಾಗಿ ತನ್ನ ಗಂಡ ಸಭೆಯೆದುರು ಮಾನ ಕಳೆದುಕೊಂಡಿದ್ದ. ಮಗನ ಪಕ್ಕದ ಮಣ್ಣನ್ನೂ ಬಿಟ್ಟುಕೊಟ್ಟಿದ್ದ. ತಾನೋ ರೊಟ್ಟಿ ತಿಂದು ಬಂದವಳು. ನಾಚಿಕೆಯಿಂದ ಅವಳ ಮೈಯೆಲ್ಲ ಸುಟ್ಟಿತು. ನೆಲಕ್ಕೆ ಕುಸಿದು ಬಹಳ ಹೊತ್ತು ಅತ್ತಳು. ಆಮೇಲೆ ಶೀಸೆ ತೆಗೆದುಕೊಂಡು ತನ್ನ ಅಂಗೈಗೆ ಸುರಿದುಕೊಂಡಳು. ಅರ್ಧ ನೆಲಕ್ಕೆ ಚೆಲ್ಲಿತು.

"ಜಹಾಂಗೀರ," ಎಂದಳು, "ನನ್ನ ಮಗನ್ನ ಕೊಂದಿದ್ದಕ್ಕ ನಿನ್ನ ಕ್ಷಮಿಸೀನಿ."

ಎಲೀಷನನ್ನು ಹೆತ್ತಾಗಲೂ ಅವಳಿಗೆ ಅಷ್ಟು ನೋವಾಗಿರಲಿಲ್ಲ.

ಜಹಾಂಗೀರನ ಕಣ್ಣು ತುಂಬಿದವು. ಒಮ್ಮೆ ಯೋಬಪ್ಪನ ಮುಖ ನೋಡಿದ. "ಭಾಳ ದೊಡ್ಡ ಮನಸ್ಸು, ಅವ್ವ," ಎಂದ. ಯೋಬಪ್ಪ ಮುಖ ಮುಚ್ಚಿಕೊಂಡು ಬಿಕ್ಕಿದ.

ಬಿಬಿಜಾನ್ ಮೂಲೆಯಿಂದ ಎದ್ದು ಬಂದಳು.

"ಬ್ಯಾಡ ಬಿಬಿಜಾನ್, ಕೈ ಮುಗೀತೀನಿ," ಎಂದ ಯೋಬಪ್ಪ.

"ನಿಮ್ಮ ಹುಡುಗಗ ನಿಮ್ಮ ಸ್ಮಶಾನದಾಗ ಮಣ್ಣು ಸಿಗಲಿ ಅಂತ ನನ್ನ ಮಗ ಅವತ್ತ ಸುಳ್ಳು ಹೇಳ್ದ," ಎಂದಳು ಮುದುಕಿ. "ನಾನು ಸುಮ್ಮನಿದ್ದೆ. ಇವತ್ತ ಮಾಫೀನೂ ಅವನೇ ತಗೋಬೇಕಂದ್ರ ಹೆತ್ತ ಹೊಟ್ಟಿ ತಡೆಯಂಗಿಲ್ಲ." ಅವಳು ದೀನಮ್ಮನ ಒದ್ದೆ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು.

"ಕುಡಿದು ಬತ್ತಿ ಹಚ್ಚಿದವ ನಿನ್ನ ಎಲೀಷ, ಅಕ್ಕ, ಅವನ್ನ ಎಳಕೊಂಡ್ ಬರಾಕ ಓಡಿದವ ಇವ."